ಒಂದೇ ಕಿತ್ತಳೆ ಗಿಡ, ಅರ್ಧಕ್ಕೆ ಕಜ್ಜಿ, ಅರ್ಧ ನಿರಾಳ: ಇದು ಯಾವ ರೋಗ?

ಮಾದಾಪುರ ತೋಟ · ಜೂನ್ 28

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷದ ಹಿಂದೆ ಕಾಫಿ ಮಧ್ಯೆ ಹನ್ನೆರಡು ಕಿತ್ತಳೆ ಕಸಿ ಗಿಡ ನೆಟ್ಟಿದ್ದೆ. ಕೊಡಗಿನ ಕಿತ್ತಳೆಯೇ ಅಂತ ನರ್ಸರಿಯವರು ಚೀಟಿ ಕಟ್ಟಿ ಕೊಟ್ಟಿದ್ದರು. ಏಳು ಗಿಡ ಚೆನ್ನಾಗಿವೆ, ಐದಕ್ಕೆ ಕಜ್ಜಿ. ಅದರಲ್ಲೂ ಮೂರು ಗಿಡದ ಕಥೆ ವಿಚಿತ್ರ. ಒಂದು ಕಡೆಯ ಕೊಂಬೆಗಳಲ್ಲಿ ಎಲೆಯೆಲ್ಲ ಮುರುಟಿಕೊಂಡು, ಮೈಮೇಲೆ ನರೂಲಿ ಎದ್ದ ಹಾಗೆ ಗಂಟುಗಂಟು. ಅದಕ್ಕೆ ತಾಗಿಕೊಂಡೇ ಇರುವ ಇನ್ನೊಂದು ಕೊಂಬೆಗೆ ಏನೂ ಆಗಿಲ್ಲ. ಉಳಿದ ಎರಡು ಗಿಡ ಪೂರ್ತಿ ಕಜ್ಜಿ.

ಕಳೆದ ವರ್ಷವೂ ಹೀಗೇ ಆಗಿತ್ತು. ಔಷಧಿ ಅಂಗಡಿಗೆ ಎಲೆ ತೆಗೆದುಕೊಂಡು ಹೋದೆ. ಕೈಗೆ ತೆಗೆದುಕೊಳ್ಳದೆಯೇ "ಕಜ್ಜಿ ರೋಗ" ಅಂದರು. ತಾಮ್ರದ ಪುಡಿ, ಅದರ ಜೊತೆ ಸ್ಟ್ರೆಪ್ಟೋಮೈಸಿನ್ ಪುಡಿ ಕಟ್ಟಿಕೊಟ್ಟರು. ಮೂರು ಸಲ ಹೊಡೆದೆ. ಒಂದು ಗಂಟೂ ಕರಗಲಿಲ್ಲ. ಈಗ ಮಳೆ ಹಿಡಿದಿದೆ, ಹೊಸ ಚಿಗುರಿಗೂ ಶುರುವಾಗಿದೆ. ಫೋಟೋ ಹಾಕಿದ್ದೇನೆ, ತಿಳಿದವರು ನೋಡಿ ಹೇಳಿ.

ಇಂಡಿ ಲಿಂಬಿಕಾಯಿ · ಜೂನ್ 28

ನಮ್ಮ ಕಡಿ ಲಿಂಬಿಗೆ ಈ ಕಜ್ಜಿ ಮನಿ ಹಾಳ ಮಾಡ್ಯದ ನೋಡ್ರಿ. ಎಲಿ, ಕಾಯಿ, ಸಣ್ಣ ಟೊಂಗಿ, ಮುಳ್ಳು ಒಂದೂ ಬಿಡಂಗಿಲ್ಲ. ಕಾಯಿ ಮ್ಯಾಲೆ ಒಂದ ಕಲಿ ಇದ್ರೂ ಮಾರ್ಕೆಟ್‌ನ್ಯಾಗ ಬುಟ್ಟಿ ಆ ಕಡಿ ಸರಸ್ತಾರ. ರಸ ಹಂಗ ಇರ್ತದ, ರೇಟ್ ಅರ್ಧ. ನೀವು ಹೊಡದ ಎಣ್ಣಿ ಬರೋಬ್ಬರಿ ಅದ. ಆದ್ರ ಮೊದಲ ಕಜ್ಜಿ ಟೊಂಗಿ ಕತ್ತರಿಸಿ ಸುಟ್ಟು, ಆಮ್ಯಾಲೆ ಎಣ್ಣಿ ಹೊಡಿಬೇಕು. ರಂಗೋಲಿ ಹುಳ ಅದಾವೇನು ನೋಡ್ರಿ. ಅದು ಎಲಿ ಒಳಗ ಗೆರಿ ಕೊರದ್ರ ಅದ ಗೆರಿಗುಂಟ ಕಜ್ಜಿ ಏಳ್ತದ.

ಅಡಿಕೆ ಅಂಗಳ · ಜೂನ್ 28

ಎಣ್ಣೆ ಹೊಡೆಯುವುದು ಅಂದರೆ ಎಂತದು ಮಾರಾಯ್ರೆ? ನಮ್ಮಲ್ಲಿ ಹರಳೆಣ್ಣೆ, ತೆಂಗಿನೆಣ್ಣೆ ಮಾತ್ರ ಗೊತ್ತು ☺

ಇಂಡಿ ಲಿಂಬಿಕಾಯಿ · ಜೂನ್ 28

ನೀವು ಮದ್ದು ಅಂತೀರಲ್ಲ, ಅದ ನಮಗ ಎಣ್ಣಿ. ಯಾವ ಔಷಧ ಇದ್ರೂ ಎಣ್ಣಿನ ರೀ.

ಎಲೆಚುಕ್ಕೆ · ಜೂನ್ 29

ಸಸ್ಯರೋಗ ಶಾಸ್ತ್ರ ಓದಿದವನು ನಾನು, ಈಗ ಹೊಟ್ಟೆಪಾಡು ಬೇರೆ. ಆದರೂ ಇಂಥ ಫೋಟೋ ಕಂಡರೆ ಸುಮ್ಮನಿರಲು ಆಗುವುದಿಲ್ಲ.

ಇಂಡಿಯವರು ಹೇಳುತ್ತಿರುವ ಕಜ್ಜಿ ಬೇರೆ, ಮಾದಾಪುರದವರ ಫೋಟೋದಲ್ಲಿರುವುದು ಬೇರೆ ಅಂತ ನನ್ನ ಅನುಮಾನ. ನಮ್ಮ ತೊಂದರೆ ಏನೆಂದರೆ, ಕನ್ನಡದಲ್ಲಿ ಎರಡಕ್ಕೂ ಕಜ್ಜಿ ಅಂದುಬಿಡುತ್ತೇವೆ. ಲಿಂಬೆಯ ಕಜ್ಜಿಯನ್ನು ಇಂಗ್ಲಿಷಿನಲ್ಲಿ ಕ್ಯಾಂಕರ್ ಅನ್ನುತ್ತಾರೆ. ಅದು ಝ್ಯಾಂಥೋಮೊನಾಸ್ ಎಂಬ ಬ್ಯಾಕ್ಟೀರಿಯಾದ ಕೆಲಸ. ಇನ್ನೊಂದು ಸ್ಕ್ಯಾಬ್. ಅದು ಶಿಲೀಂಧ್ರ, ಹೆಸರು ಎಲ್ಸಿನೊಯಿ ಫಾಸೆಟಿಯೈ. ಬ್ಯಾಕ್ಟೀರಿಯಾಕ್ಕೆ ಮಾಡಿದ ಸ್ಟ್ರೆಪ್ಟೋಮೈಸಿನ್‌ನಂಥ ಆಂಟಿಬಯೋಟಿಕ್ ಅನ್ನು ಶಿಲೀಂಧ್ರದ ಮೇಲೆ ಹೊಡೆದರೆ ಬಂಡೆಯ ಮೇಲೆ ನೀರು ಸುರಿದ ಹಾಗೆ.

ಅಂಗಡಿ, ಲ್ಯಾಬು ಏನೂ ಬೇಡ. ಒಂದು ರೋಗದ ಎಲೆ ಕಿತ್ತು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಸವರಿ ನೋಡಿ. ಕ್ಯಾಂಕರ್ ಆದರೆ ಎಲೆಯ ಎರಡೂ ಬದಿ ಒರಟಾಗಿ ಕೈಗೆ ಸಿಗುತ್ತದೆ. ಗಂಟಿನ ನಡುವೆ ಸಣ್ಣ ಕುಳಿ ಇರುತ್ತದೆ. ಬೆಳಕಿಗೆ ಹಿಡಿದರೆ ಸುತ್ತ ಹಳದಿ ಉಂಗುರ, ಅಂಚು ಎಣ್ಣೆ ಹಚ್ಚಿದ ಹಾಗೆ. ಸ್ಕ್ಯಾಬ್ ಆದರೆ ಒಂದು ಬದಿಯಲ್ಲಿ ನರೂಲಿ ಎದ್ದಿದ್ದರೆ ಅದೇ ಜಾಗಕ್ಕೆ ಇನ್ನೊಂದು ಬದಿಯಲ್ಲಿ ತಗ್ಗು, ಹಿಂದಿನಿಂದ ಕಡ್ಡಿಯಲ್ಲಿ ಒತ್ತಿ ಎಬ್ಬಿಸಿದ ಹಾಗೆ. ಹೊಸತರಲ್ಲಿ ನಸುಗುಲಾಬಿ, ಹಳತಾದ ಮೇಲೆ ಬೂದಿ. ಹಳದಿ ಉಂಗುರ ಸಾಮಾನ್ಯವಾಗಿ ಇರುವುದಿಲ್ಲ, ಎಲೆ ಸೊಟ್ಟಗಾಗುತ್ತದೆ.

ಸವರಿ ನೋಡಿ ಹೇಳಿ. ಎಲೆಯ ಹಿಂಬದಿಯ ಫೋಟೋ ಒಂದು ಹಾಕಿ. ಎಲ್ಲರೂ ಮುಂಬದಿಯದ್ದೇ ಹಾಕುತ್ತಾರೆ.

ಮಾದಾಪುರ ತೋಟ · ಜೂನ್ 29

ಮಳೆಯಲ್ಲೇ ಕೊಡೆ ಹಿಡಿದು ಹೋಗಿ ನೋಡಿದೆ. ನೀವು ಹೇಳಿದ ಎರಡನೆಯದೇ. ಹಿಂಬದಿಯಲ್ಲಿ ಗಂಟು, ಮುಂಬದಿಯಲ್ಲಿ ಅದೇ ಜಾಗಕ್ಕೆ ಸಣ್ಣ ಗುಂಡಿ. ಉಗುರಲ್ಲಿ ಕೆರೆದರೆ ಬೆಂಡಿನ ಹಾಗೆ ಪುಡಿ ಬರುತ್ತದೆ. ಹಳದಿ ಉಂಗುರ ಇಲ್ಲ. ಹಾಗಾದರೆ ಮೂರು ಸಲ ಹೊಡೆದ ದುಡ್ಡು, ಕೂಲಿ ಎಲ್ಲ ಹೊಳೆಗೆ ಹೋಯಿತು ಅನ್ನಿ.

ಎಲೆಚುಕ್ಕೆ · ಜೂನ್ 29

ಪೂರ್ತಿ ಅಲ್ಲ. ತಾಮ್ರ ಸ್ಕ್ಯಾಬಿಗೂ ಆಗುತ್ತದೆ. ಆದರೆ ನೀವು ಯಾವಾಗ ಹೊಡೆದಿರಿ? ಗಂಟು ಕಂಡ ಮೇಲೆ ತಾನೆ?

ಈ ಶಿಲೀಂಧ್ರ ಎಳೆಯದನ್ನು ಮಾತ್ರ ಹಿಡಿಯುತ್ತದೆ. ಚಿಗುರು ಬಿಚ್ಚಿಕೊಳ್ಳುವ ಮೊದಲ ದಿನಗಳಲ್ಲಿ ಎಲೆ ಅದರ ಬಾಯಿಗೆ ತುತ್ತು. ಅರ್ಧ ಅಗಲ ಬಂತು ಅನ್ನುವಷ್ಟರಲ್ಲಿ ಎಲೆ ಗಟ್ಟಿಯಾಗಿ, ಮತ್ತೆ ಹತ್ತುವುದಿಲ್ಲ. ಕಾಯಿಯೂ ಅಷ್ಟೆ, ಹೂವಿನ ಎಸಳು ಉದುರಿದ ಮೇಲೆ ಎರಡು ತಿಂಗಳು, ಹೆಚ್ಚೆಂದರೆ ಮೂರು ತಿಂಗಳು ಜೋಪಾನ ಮಾಡಿದರೆ ಆಮೇಲೆ ಭಯವಿಲ್ಲ. ಈಗ ನಿಮಗೆ ಕಾಣುತ್ತಿರುವ ಗಂಟು ಚಿಗುರು ಎಳೆಯದಿದ್ದಾಗ ಬಿದ್ದ ಮಳೆಯ ಗುರುತು. ಅದರ ಮೇಲೆ ಅಮೃತ ಹೊಡೆದರೂ ಹೋಗುವುದಿಲ್ಲ, ಮೈಮೇಲಿನ ಸಿಡುಬಿನ ಕಲೆ ಹೋಗದ ಹಾಗೆ.

ಹಳೆಯ ಗಂಟಿನಲ್ಲೇ ಶಿಲೀಂಧ್ರ ಕೂತಿರುತ್ತದೆ. ಮಳೆಹನಿ ಅದರ ಮೇಲೆ ಬಿದ್ದು ಸಿಡಿದಾಗ ಬೀಜಕಣ ಪಕ್ಕದ ಚಿಗುರಿಗೆ ಹಾರುತ್ತದೆ. ಎಲೆ ಮೂರು ನಾಲ್ಕು ಗಂಟೆ ಒದ್ದೆಯಾಗಿದ್ದರೆ ಸಾಕು, ಕೆಲಸ ಮುಗಿಯಿತು. ಗಾಯವೂ ಬೇಡ, ರಂಗೋಲಿ ಹುಳುವೂ ಬೇಡ. ಕೊಡಗಿನ ಜೂನ್ ಜುಲೈಯಲ್ಲಿ ಮೂರು ನಾಲ್ಕು ಗಂಟೆ ಒದ್ದೆ ಅಂದರೆ ನೀವೇ ನಗುತ್ತೀರಿ.

ಮಾದಾಪುರ ತೋಟ · ಜೂನ್ 29

ನಮ್ಮಲ್ಲಿ ಈಗ ಎಲೆ ಒಣಗಿದ್ದು ಯಾವಾಗ ಅಂತ ಕೇಳಿ ಸ್ವಾಮಿ, ಒದ್ದೆಯಾದದ್ದು ಅಲ್ಲ.

ಬೇರುಸಿರಿ · ಜೂನ್ 30

ನಾಲ್ಕು ಜನ ಸೇರಿದರೆ ಮೊದಲ ಮಾತೇ ಏನು ಹೊಡೆಯಬೇಕು ಅಂತ. ತಾಮ್ರ ಮಣ್ಣಿಗೆ ಬಿದ್ದರೆ ಎಲ್ಲಿಗೆ ಹೋಗುತ್ತದೆ ಯೋಚಿಸಿದ್ದೀರಾ? ಅದು ಕರಗುವುದಿಲ್ಲ, ಕೊಳೆಯುವುದಿಲ್ಲ, ವರ್ಷ ವರ್ಷ ಸೇರುತ್ತಲೇ ಹೋಗುತ್ತದೆ. ಎರೆಹುಳು ಮೊದಲು ಓಡುತ್ತದೆ. ಹುಳಿ ಮಜ್ಜಿಗೆ ಹೊಡೆಯಿರಿ, ಗಿಡಕ್ಕೆ ಗಾಳಿ ಬೆಳಕು ಕೊಡಿ. ನನ್ನ ತೋಟದಲ್ಲಿ ಹತ್ತು ವರ್ಷದಿಂದ ಮೈಲುತುತ್ತ ಎಂಬ ತಾಮ್ರದ ಉಪ್ಪು ಇಲ್ಲ.

ಅಡಿಕೆ ಅಂಗಳ · ಜೂನ್ 30

ತಾಮ್ರ ಮಣ್ಣಲ್ಲಿ ಉಳಿಯುತ್ತದೆ ಎಂಬುದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಜ್ಜಿಗೆ ನಂಬಿ ಕೂತರೆ ನಮ್ಮ ಘಟ್ಟದ ಕೆಳಗಿನ ಮಳೆಗೆ ಒಂದು ಅಡಿಕೆಯೂ ಉಳಿಯುವುದಿಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಗೊನೆಗೆ ಕೊಟ್ಟೆ, ಅಂದರೆ ಮಳೆ ತಾಗದ ಹಾಗೆ ಹೊದಿಕೆ, ಕಟ್ಟುತ್ತಿದ್ದರಂತೆ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಕೊಳೆರೋಗದ ಮೂಲ ಹುಡುಕಿ, ಬೋರ್ಡೋ ಬಿಡಿ ಎಂದು ರೈತರಿಗೆ ತೋರಿಸಿಕೊಟ್ಟದ್ದು. ಆ ಬೋರ್ಡೋ ಹುಟ್ಟಿದ ಕಥೆ ಇನ್ನೂ ತಮಾಷೆ. ಫ್ರಾನ್ಸಿನಲ್ಲಿ ದಾರಿ ಬದಿಯ ದ್ರಾಕ್ಷಿ ಕದಿಯಬಾರದು ಅಂತ ಬಳ್ಳಿಗೆ ಮೈಲುತುತ್ತ ಸುಣ್ಣ ಎರಚುತ್ತಿದ್ದರು. ಎರಚಿದ ಸಾಲಿಗೆ ರೋಗ ಇಲ್ಲ ಎಂಬುದನ್ನು ಮಿಲ್ಲಾರ್ಡೆ ಎಂಬ ಪ್ರೊಫೆಸರು ಗಮನಿಸಿ, 1885ರಲ್ಲಿ ಅದನ್ನೇ ಮದ್ದು ಮಾಡಿ ಪ್ರಕಟಿಸಿದ್ದು. ಕಳ್ಳರ ದಯೆ.

ಮಾದಾಪುರದವರೇ, ಬೋರ್ಡೋ ಮಾಡಿ ಅಭ್ಯಾಸ ಉಂಟಲ್ವೋ?

ಮಾದಾಪುರ ತೋಟ · ಜೂನ್ 30

ಕಾಫಿಗೆ ತುಕ್ಕು ರೋಗ ಬಾರದ ಹಾಗೆ ಅರ್ಧ ಪರ್ಸೆಂಟ್ ಹೊಡೆಯುತ್ತೇವೆ. ಆಳುಗಳೇ ಮಾಡುತ್ತಾರೆ.

ಅಡಿಕೆ ಅಂಗಳ · ಜೂನ್ 30

ಆಳುಗಳೇ ಮಾಡುವುದೇ ತಾಪತ್ರಯ. ಕಿತ್ತಳೆಗೆ ಒಂದು ಪರ್ಸೆಂಟ್. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಒಳ್ಳೆಯ ಸುಟ್ಟ ಸುಣ್ಣ. ನಿಮ್ಮ ಐದು ಗಿಡಕ್ಕೆ ಹತ್ತು ಲೀಟರು ಸಾಕು, ನೂರು ಗ್ರಾಂ ನೂರು ಗ್ರಾಂ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟಿನಲ್ಲಿ ಐದೈದು ಲೀಟರು ನೀರಲ್ಲಿ ಕದಡಿ, ಸುಣ್ಣ ಸೋಸಿ, ಸುಣ್ಣದ ತಿಳಿಗೆ ಮೈಲುತುತ್ತದ ನೀರು ಸಣ್ಣಗೆ ಹೊಯ್ಯುತ್ತಾ ಕಲಕಬೇಕು. ಬಾನಿನ ಬಣ್ಣ ಬರಬೇಕು. ಆಮೇಲೆ ಉಜ್ಜಿ ಬೆಳಗಿಸಿದ ಕತ್ತಿಯ ತುದಿ ಅದ್ದಿ ಸ್ವಲ್ಪ ಹೊತ್ತು ಹಿಡಿಯಿರಿ. ಕತ್ತಿಗೆ ಕೆಂಪು ಹಿಡಿಯಿತೋ, ಸುಣ್ಣ ಸಾಲದು ಎಂದು ಅರ್ಥ. ಹಾಗೇ ಬಿಟ್ಟರೆ ಚಿಗುರು ಸುಟ್ಟು ಹೋಗುತ್ತದೆ. ಕೆಂಪು ಹಿಡಿಯದ ವರೆಗೆ ಸುಣ್ಣದ ತಿಳಿ ಸೇರಿಸುತ್ತಾ ಹೋಗುವುದು. ಮಾಡಿದ ದಿನವೇ ಬಿಟ್ಟು ಮುಗಿಸಬೇಕು, ಮರುದಿನಕ್ಕೆ ಇಟ್ಟದ್ದು ಗೋಡೆಗೆ ಬಳಿಯಲೂ ಬಾರದು.

ಬೇರುಸಿರಿ · ಜೂನ್ 30

ಐದು ಗಿಡಕ್ಕೆ ಹತ್ತು ಲೀಟರು ಅಂದಿರಲ್ಲ, ಅಷ್ಟಾದರೆ ನನ್ನ ತಕರಾರಿಲ್ಲ. ಇಡೀ ತೋಟಕ್ಕೆ ಪಂಪು ಹೊತ್ತುಕೊಂಡು ಹೊರಡುವವರಿಗೆ ಹೇಳಿದ್ದು.

ರೋಚೆಸ್ಟರ್ ಅಮ್ಮ · ಜುಲೈ 1

ನಾನು ಶಿವಮೊಗ್ಗದವಳು, ಇಲ್ಲಿ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರಿನಲ್ಲಿದ್ದೇನೆ. ಹಿತ್ತಲಲ್ಲಿ ಹಿಂದಿನ ಮನೆಯವರು ನೆಟ್ಟ ಒಂದು ಮ್ಯಾಕಿಂತೋಷ್ ಸೇಬಿನ ಮರ ಇದೆ. ಅದಕ್ಕೂ ಸ್ಕ್ಯಾಬ್! ಎಲೆಯ ಮೇಲೆ ಹಸಿರು ಕಂದು ಮಖಮಲ್ಲಿನಂಥ ಮಚ್ಚೆ, ಹಣ್ಣಿನ ಮೇಲೆ ಕಪ್ಪು ಬಿರುಕು. ಊರಿಂದ ಬಂದಿದ್ದ ಅಮ್ಮ ಹಣ್ಣು ನೋಡಿ "ಪಾಪ, ಇದಕ್ಕೆ ಅಮ್ಮ ಆಗಿದೆ" ಅಂದರು. ನಿಮ್ಮ ಕಿತ್ತಳೆಯದೂ ನಮ್ಮ ಸೇಬಿನದೂ ಒಂದೇ ಶಿಲೀಂಧ್ರವೇ?

ಎಲೆಚುಕ್ಕೆ · ಜುಲೈ 1

ಅಲ್ಲ ಮೇಡಂ, ಹೆಸರು ಒಂದೇ, ಮನೆತನ ಬೇರೆ. ಸೇಬಿನದು ವೆಂಚುರಿಯಾ ಇನಿಕ್ವಾಲಿಸ್. ಅದರ ನಡವಳಿಕೆಯೂ ಬೇರೆ. ಕಿತ್ತಳೆಯದು ಮರದ ಮೇಲಿನ ಗಂಟಿನಲ್ಲೇ ಉಳಿಯುತ್ತದೆ. ಸೇಬಿನದು ಮುಖ್ಯವಾಗಿ ಉದುರಿದ ಎಲೆಯಲ್ಲಿ, ನಿಮ್ಮ ಹಿಮದ ಅಡಿಯಲ್ಲಿ ಚಳಿಗಾಲ ಕಳೆದು, ವಸಂತದ ಮೊದಲ ಮಳೆಗೆ ಬೀಜಕಣ ಚಿಮ್ಮಿಸುತ್ತದೆ. ಹಾಗಾಗಿ ಎಲೆ ಗುಡಿಸುವುದು ನಿಮ್ಮಲ್ಲಿ ಅರ್ಧ ಔಷಧಿ. ತೋಟದವರು ಎಲೆ ಉದುರುವ ಹೊತ್ತಿಗೆ ನೂರಕ್ಕೆ ಐದರಂತೆ ಯೂರಿಯಾ ನೀರು ಹೊಡೆಯುತ್ತಾರೆ. ಎಲೆ ಬೇಗ ಕೊಳೆತು ಎರೆಹುಳದ ಹೊಟ್ಟೆ ಸೇರುತ್ತದೆ.

ನಿಮ್ಮ ರಾಜ್ಯದ್ದೇ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮಿಲ್ಸ್ ಎನ್ನುವವರು 1944ರಲ್ಲಿ ಒಂದು ಕೋಷ್ಟಕ ಮಾಡಿಟ್ಟರು. ಎಷ್ಟು ಉಷ್ಣತೆಯಲ್ಲಿ ಎಲೆ ಎಷ್ಟು ಗಂಟೆ ಒದ್ದೆಯಾಗಿದ್ದರೆ ರೋಗ ಹತ್ತುತ್ತದೆ ಎಂಬ ಲೆಕ್ಕ. 16ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಒಂಬತ್ತು ಗಂಟೆ ಸಾಕು, ಚಳಿ ಹೆಚ್ಚಿದಷ್ಟೂ ಹೆಚ್ಚು ಗಂಟೆ ಬೇಕು. ಪಂಚಾಂಗ ನೋಡಿ ಹೊಡೆಯುವುದು ಬಿಟ್ಟು ಮಳೆ ನೋಡಿ ಹೊಡೆಯುವುದು ಶುರುವಾದದ್ದೇ ಇಂಥ ಲೆಕ್ಕದಿಂದ. ಭಾರತದಲ್ಲಿ ಇದೇ ರೋಗ 1973ರಲ್ಲಿ ಕಾಶ್ಮೀರದ ತೋಟಗಳನ್ನೂ 1983ರಲ್ಲಿ ಹಿಮಾಚಲದ ತೋಟಗಳನ್ನೂ ಹಿಡಿದು ಅಲ್ಲಾಡಿಸಿತು.

ರೋಚೆಸ್ಟರ್ ಅಮ್ಮ · ಜುಲೈ 1

ಎಲೆ ಗುಡಿಸುವುದು ನಮ್ಮ ಯಜಮಾನರ ಖಾತೆ. ಈ ಉತ್ತರ ಅವರಿಗೇ ಕಳಿಸಿದೆ. ನೆರೆಮನೆಯವರ ಮರದಲ್ಲಿ ಒಂದು ಚುಕ್ಕೆಯೂ ಇಲ್ಲವಲ್ಲ ಅಂತ ಕೇಳಿದರೆ ಅವರದು ಲಿಬರ್ಟಿ ಎಂಬ ತಳಿಯಂತೆ.

ಎಲೆಚುಕ್ಕೆ · ಜುಲೈ 1

ಸರಿಯಾಗಿದೆ. ನಿಮ್ಮೂರಿಗೆ ಹತ್ತಿರದ ಜಿನೀವಾ ಊರಿನ ಸಂಶೋಧನಾ ಕೇಂದ್ರದಿಂದ 1978ರಲ್ಲಿ ಬಂದ ತಳಿ ಅದು. ಒಂದು ಕಾಡುಸೇಬಿನ ನಿರೋಧಕ ಗುಣವನ್ನು ಕೂಡಿಸಿ ಕೂಡಿಸಿ ತಂದದ್ದು. ಮ್ಯಾಕಿಂತೋಷ್ ಮಾತ್ರ ಈ ರೋಗಕ್ಕೆ ಹೇಳಿ ಮಾಡಿಸಿದ ಮನೆ.

ಹಾಸನದ ಗಡ್ಡೆ · ಜುಲೈ 2

ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನಮ್ಮ ಆಲೂಗಡ್ಡೆಗೂ ಕಜ್ಜಿ ಬರುತ್ತಲ್ಲ, ಸಿಪ್ಪೆ ಮೇಲೆ ಬೆಂಡಿನ ಥರ ಒರಟು ಮಚ್ಚೆ. ಅದಕ್ಕೆ ಯಾವ ಶಿಲೀಂಧ್ರನಾಶಕ? ಹೋದ ವರ್ಷ ಮಣ್ಣಿಗೆ ಸುಣ್ಣ ಹಾಕಿದ್ದೆ, ಇನ್ನೂ ಜಾಸ್ತಿ ಆಯ್ತು.

ಎಲೆಚುಕ್ಕೆ · ಜುಲೈ 2

ಜಾಸ್ತಿ ಆಗಲೇಬೇಕು. ಅದು ಮೂರನೇ ಕಜ್ಜಿ. ಸ್ಟ್ರೆಪ್ಟೋಮೈಸಿಸ್ ಎಂಬ, ದಾರದಂತೆ ಬೆಳೆಯುವ ಬ್ಯಾಕ್ಟೀರಿಯಾ. ನೋಡಲು ಶಿಲೀಂಧ್ರದ ಹಾಗೆ, ಜಾತಿಯಲ್ಲಿ ಅಲ್ಲ. ಹುಳಿ ಮಣ್ಣು ಅದಕ್ಕೆ ಆಗದು. ರಸಸಾರ (pH) 5.2ಕ್ಕಿಂತ ಕೆಳಗಿದ್ದರೆ ತಣ್ಣಗಿರುತ್ತದೆ. ನೀವು ಸುಣ್ಣ ಹಾಕಿ ಅದಕ್ಕೆ ಹಾಸಿಗೆ ಹಾಸಿಕೊಟ್ಟಿರಿ. ಗಡ್ಡೆ ಕಟ್ಟಲು ಶುರುವಾದ ಮೇಲೆ ನಾಲ್ಕೈದು ವಾರ ಮಣ್ಣು ಒಣಗದ ಹಾಗೆ ನೋಡಿಕೊಳ್ಳಿ, ಹಸಿ ಗೊಬ್ಬರ ಹಾಕಬೇಡಿ, ಕಜ್ಜಿಯ ಗಡ್ಡೆಯನ್ನು ಬಿತ್ತನೆಗೆ ಇಡಬೇಡಿ. ತಿನ್ನಲು ಅಡ್ಡಿಯಿಲ್ಲ, ಸಿಪ್ಪೆ ದಪ್ಪಕ್ಕೆ ಹೆರೆದರೆ ಆಯಿತು.

ಹಾಸನದ ಗಡ್ಡೆ · ಜುಲೈ 2

ಅಕ್ಕಪಕ್ಕದವರಿಗೂ ಸುಣ್ಣ ಹಾಕಿ ಅಂತ ನಾನೇ ಹೇಳಿದ್ದೆ. ಸ್ವಲ್ಪ ದಿನ ಟೀ ಅಂಗಡಿ ಕಡೆ ಹೋಗಲ್ಲ.

ಮಾದಾಪುರ ತೋಟ · ಜುಲೈ 4

ಇನ್ನೊಂದು ವಿಷಯ ಬಿಟ್ಟುಹೋಗಿತ್ತು. ಪೂರ್ತಿ ಕಜ್ಜಿಯಾದ ಎರಡು ಗಿಡ ಕಳೆದ ಸಲ ಏಳೆಂಟು ಕಾಯಿ ಬಿಟ್ಟಿದ್ದವು. ಸಿಪ್ಪೆ ದಪ್ಪ, ಮೈಯೆಲ್ಲ ಒರಟು, ಹಣ್ಣಾದರೂ ಕೇಸರಿಗೆ ತಿರುಗದೆ ಹಳದಿಯಾಗೇ ನಿಂತಿತು. ಬಾಯಿಗಿಟ್ಟರೆ ಹಲ್ಲು ಚಳಿ ಹಿಡಿಯುವಷ್ಟು ಹುಳಿ. ಮನೆಯವಳು ಉಪ್ಪಿನಕಾಯಿ ಹಾಕಿದಳು, ಅದೇನೋ ಚೆನ್ನಾಗಿತ್ತು. ಕಜ್ಜಿ ಬಂದರೆ ಹಣ್ಣು ಹುಳಿಯಾಗುತ್ತದಾ?

ಎಲೆಚುಕ್ಕೆ · ಜುಲೈ 4

ಇಲ್ಲ! ಸ್ಕ್ಯಾಬ್ ಸಿಪ್ಪೆಯ ರೋಗ. ಒಳಗಿನ ತೊಳೆಯ ರುಚಿ ಕೆಡುವುದಿಲ್ಲ. ಮಾರುಕಟ್ಟೆಯಲ್ಲಿ ಮುಖ ನೋಡಿ ದರ ಕಟ್ಟುತ್ತಾರೆ, ಅಷ್ಟೇ ನಷ್ಟ. ಹುಳಿಗೆ ಬೇರೆ ಕಾರಣ ಇರಬೇಕು. ಒಂದು ನಿಮಿಷ, ಫೋಟೋ ಮತ್ತೆ ನೋಡುತ್ತೇನೆ.

ಅಡಿಕೆ ಅಂಗಳ · ಜುಲೈ 4

ನಾನೂ ಈಗ ದೊಡ್ಡದು ಮಾಡಿ ನೋಡಿದೆ. ಎಲೆ ನೋಡುತ್ತಾ ಕೂತು ನಾವೆಲ್ಲ ಕೊಂಬೆ ನೋಡಿಲ್ಲ. ಕಜ್ಜಿ ಇರುವ ಕೊಂಬೆಗೆ ಮುಳ್ಳು ಎಷ್ಟು ನೋಡಿ! ಪಕ್ಕದ ನಿರಾಳ ಕೊಂಬೆಗೆ ಹೆಸರಿಗೆ ಒಂದು. ಒಂದೇ ಗಿಡಕ್ಕೆ ಎರಡು ಬಗೆ ಮುಳ್ಳು ಹೇಗೆ?

ಎಲೆಚುಕ್ಕೆ · ಜುಲೈ 4

ಅದೇ. ಮೂರನೇ ಫೋಟೋದಲ್ಲಿ ಕಜ್ಜಿ ಕೊಂಬೆಯ ತುದಿಚಿಗುರಿಗೆ ನೇರಳೆ ಛಾಯೆ ಇದೆ. ಕೊಡಗಿನ ಕಿತ್ತಳೆಯ ಚಿಗುರು ಅಚ್ಚ ಹಸಿರು. ನೇರಳೆ ಚಿಗುರು, ಮುಳ್ಳು, ಒರಟು ಸಿಪ್ಪೆ, ಹಳದಿ ಹಣ್ಣು, ಹುಳಿ: ಇದು ಜಂಬೇರಿ. ಕಿತ್ತಳೆಯನ್ನು ಕಸಿ ಕಟ್ಟಲು ಬೇರುಗಿಡವಾಗಿ ಬಳಸುತ್ತಾರಲ್ಲ, ಆ ಜಂಬೇರಿ. ಸ್ಕ್ಯಾಬ್ ಶಿಲೀಂಧ್ರಕ್ಕೆ ಜಂಬೇರಿಯಷ್ಟು ಇಷ್ಟದ ಗಿಡ ಇನ್ನೊಂದಿಲ್ಲ. ನರ್ಸರಿಗಳಲ್ಲಿ ಬೇರುಗಿಡದ ಮಡಿಯಲ್ಲೇ ಈ ರೋಗ ಮೊದಲು ಕಾಣುವುದು. ಕಾಗ್ಜಿ ಲಿಂಬೆಯದು ತಿರುಗಾಮುರುಗ, ಅದು ಸ್ಕ್ಯಾಬನ್ನು ತಡೆದುಕೊಳ್ಳುತ್ತದೆ, ಕ್ಯಾಂಕರಿಗೆ ಸೋಲುತ್ತದೆ. ಇಂಡಿಯವರಿಗೂ ನಿಮಗೂ ಕಜ್ಜಿ ಬೇರೆಬೇರೆ ಆಗಿದ್ದು ಇದಕ್ಕೇ.

ಎರಡು ಕಡೆಯ ಎಲೆ ಒಂದೊಂದು ಕಿತ್ತು ಹಿಸುಕಿ ಮೂಸಿ ನೋಡಿ. ಆಮೇಲೆ ಬುಡದ ಮಣ್ಣು ಸರಿಸಿ, ಕಜ್ಜಿ ಕೊಂಬೆ ಎಲ್ಲಿಂದ ಹೊರಟಿದೆ ನೋಡಿ.

ಇಂಡಿ ಲಿಂಬಿಕಾಯಿ · ಜುಲೈ 4

ಅಯ್ಯೋ, ನಾ ಕತ್ತರಿಸಿ ಸುಡ್ರಿ ಅಂದಿದ್ದು ಸರೀನ ಆತಲ್ಲ! ಕಾರಣ ತಪ್ಪಿತ್ತು, ಕೆಲಸ ಸರಿ.

ಮಾದಾಪುರ ತೋಟ · ಜುಲೈ 7

ಮೂರು ದಿನ ಕರೆಂಟ್ ಇರಲಿಲ್ಲ, ತಡವಾಯಿತು. ಇವತ್ತು ಬೆಳಗ್ಗೆ ಗುದ್ದಲಿ ಹಿಡಿದು ಹೋದೆ. ಮೊದಲು ಎಲೆ ಮೂಸಿದೆ. ನಿರಾಳ ಎಲೆಯಲ್ಲಿ ಕಿತ್ತಳೆ ಸಿಪ್ಪೆ ಹಿಂಡಿದ ವಾಸನೆ, ಕಜ್ಜಿ ಎಲೆಯಲ್ಲಿ ಲಿಂಬೆ. ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ. ನಾಲ್ಕು ವರ್ಷ ಯಾಕೆ ಮೂಸಲಿಲ್ಲವೋ.

ಬುಡದಲ್ಲಿ ತರಗು, ಗೊಬ್ಬರ, ಮಣ್ಣು ಏರಿ ಕಸಿ ಗಂಟು ಅರ್ಧ ಅಡಿ ಒಳಗೆ ಹೋಗಿತ್ತು. ಕೈಯಲ್ಲೇ ಬಿಡಿಸಿದೆ. ಮೂರು ಗಿಡದಲ್ಲಿ ಗಂಟಿನ ಕೆಳಗಿನಿಂದ ಒಂದು ಕೊಂಬೆ ಎದ್ದು, ಮೇಲಿನ ಕಿತ್ತಳೆಗಿಂತ ದಪ್ಪವಾಗಿ ಬೆಳೆದಿದೆ. ಮಣ್ಣು ಮುಚ್ಚಿದ್ದರಿಂದ ಎರಡೂ ಒಂದೇ ಬುಡದ ಕೊಂಬೆ ಅನ್ನಿಸುತ್ತಿತ್ತು. ಇನ್ನೆರಡರಲ್ಲಿ ಕಿತ್ತಳೆ ಯಾವತ್ತೋ ಸತ್ತು, ಗಂಟಿನ ಮೇಲೆ ಒಣಗಿದ ಹೆಬ್ಬೆರಳಿನಷ್ಟು ಕೊರಡು ಉಳಿದಿದೆ. ಅಂದರೆ ನಾಲ್ಕು ವರ್ಷ ಗೊಬ್ಬರ ಹಾಕಿ ಸಾಕಿದ್ದು ಜಂಬೇರಿಯನ್ನು.

ನರ್ಸರಿಯವರಿಗೆ ಫೋನ್ ಮಾಡಿ ಜೋರು ಮಾಡಿದೆ. ಗಂಟು ಮಣ್ಣಿಗಿಂತ ಒಂದು ಗೇಣು ಮೇಲಿರಲಿ ಅಂತ ಹೇಳಿದ್ದೆವಲ್ಲ ಅಂದರು. ಹೇಳಿದ್ದರು. ಸುಮ್ಮನೆ ಫೋನ್ ಇಟ್ಟೆ.

ಎಲೆಚುಕ್ಕೆ · ಜುಲೈ 7

ಮೂರು ಗಿಡದ ಜಂಬೇರಿ ಕೊಂಬೆಯನ್ನು ಹುಟ್ಟಿದ ಜಾಗಕ್ಕೇ ಸರಿಯಾಗಿ ತೆಗೆಯಿರಿ. ಕುಳ ಉಳಿಸಿದರೆ ಮತ್ತೆ ನಾಲ್ಕು ಚಿಗುರು ಏಳುತ್ತವೆ. ಗಾಯಕ್ಕೆ ಬೋರ್ಡೋ ಮುಲಾಮು ಬಳಿಯಿರಿ. ಕತ್ತರಿಸಿದ್ದನ್ನು ಅಲ್ಲೇ ಬಿಡಬೇಡಿ. ಮಣ್ಣು ಸರಿಸಿ ಗಂಟು ಗಾಳಿಗೆ ಬಿಡಿ, ಹೂತಿಟ್ಟರೆ ಬುಡ ಕೊಳೆಯುವ ರೋಗ ಇನ್ನೊಂದು ಕಾದಿರುತ್ತದೆ.

ಕಿತ್ತಳೆಗೆ ರೋಗ ದಾಟುತ್ತದಾ ಅಂತ ಮುಂದಿನ ಪ್ರಶ್ನೆ ಬರುವ ಮೊದಲೇ ಹೇಳುತ್ತೇನೆ. ಈ ಶಿಲೀಂಧ್ರದಲ್ಲೇ ಒಳಪಂಗಡಗಳಿವೆ. ಆಸ್ಟ್ರೇಲಿಯಾದಲ್ಲಿ ಗುರುತಿಸಿದ ಒಂದು ಪಂಗಡಕ್ಕೆ ಲೆಮನ್, ಜಂಬೇರಿಯೇ ಗುರಿ. ಇನ್ನೊಂದು ಕೆಲವು ಮ್ಯಾಂಡರಿನ್‌ಗಳನ್ನೂ (ಕೊಡಗಿನ ಕಿತ್ತಳೆ ಈ ಗುಂಪಿನದೇ) ಹಿಡಿಯುತ್ತದೆ. ನಿಮ್ಮ ಕಿತ್ತಳೆ ಕೊಂಬೆ ಕಜ್ಜಿ ಪಕ್ಕದಲ್ಲೇ ಎರಡು ಮಳೆಗಾಲ ಕಳೆದು ನಿರಾಳವಾಗಿರುವುದು ಒಳ್ಳೆಯ ಸೂಚನೆ. ಆದರೂ ಮುಂದಿನ ಚಿಗುರಿಗೆ, ಎಲೆ ಕಾಲುಭಾಗ ಬಿಚ್ಚಿದಾಗ ಮಳೆ ಬಿಡುವು ಕೊಟ್ಟರೆ ಒಂದು ಸಲ ಬೋರ್ಡೋ ಕೊಡಿ. ಎಲೆ ಒಣಗದ ಜಡಿಮಳೆಯಲ್ಲಿ ಬೇಡ, ತಾಮ್ರ ಸುಡುತ್ತದೆ. ಪೂರ್ತಿ ಜಂಬೇರಿಯಾದ ಎರಡಕ್ಕೆ ಮಳೆ ನಿಂತ ಮೇಲೆ ನಿಮ್ಮದೇ ಒಳ್ಳೆಯ ಗಿಡದಿಂದ ಕಣ್ಣು ತೆಗೆದು ಕಸಿ ಕಟ್ಟಿಸಬಹುದು. ಬೇರು ಹೇಗೂ ಗಟ್ಟಿಯಾಗಿದೆ.

ಮಾದಾಪುರ ತೋಟ · ಸೆಪ್ಟೆಂಬರ್ 19

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ. ಮೂರು ಗಿಡದ್ದೂ ಕತ್ತರಿಸಿದೆ. ಆಗಸ್ಟಿನಲ್ಲಿ ಎರಡು ದಿನ ಬಿಸಿಲು ಬಂದಾಗ ಕತ್ತಿ ಅದ್ದಿ ನೋಡಿ, ನಾನೇ ಕಲಸಿ ಬೋರ್ಡೋ ಹೊಡೆದೆ. ಮೊದಲ ಸಲ ಕತ್ತಿಗೆ ಕೆಂಪು ಹಿಡಿಯಿತು! ಇಷ್ಟು ವರ್ಷ ಕಾಫಿಗೆ ಏನು ಹೊಡೆದಿದ್ದೆವೋ ದೇವರೇ ಬಲ್ಲ. ಹೊಸ ಚಿಗುರಿನಲ್ಲಿ ಗಂಟಿಲ್ಲ. ಎರಡು ಜಂಬೇರಿಯಲ್ಲಿ ಒಂದಕ್ಕೆ ಕಸಿ ಕಟ್ಟಿಸುತ್ತೇನೆ. ಇನ್ನೊಂದನ್ನು ಮುಟ್ಟಬೇಡಿ, ಉಪ್ಪಿನಕಾಯಿಗೆ ಇರಲಿ ಅಂತ ಮನೆಯಲ್ಲಿ ಆಜ್ಞೆಯಾಗಿದೆ.

ಇಂಡಿ ಲಿಂಬಿಕಾಯಿ · ಸೆಪ್ಟೆಂಬರ್ 19

ಛಲೋ ಆತು ಬಿಡ್ರಿ. ಆ ಜಂಬೇರಿ ಕಿತ್ತಳಿ ಗಿಡದ ಸಮೀಪ ಅದ ಏನು? ಇದ್ರ ವರ್ಷಾ ಅದರ ಕಜ್ಜಿ ಟೊಂಗಿ ತಗೀತಾ ಇರ್ರಿ. ಉಪ್ಪಿನಕಾಯಿ ಒಂದ ಭರಣಿ ಇಂಡಿಗೂ ಬರ್ಲಿ.

ಮಾದಾಪುರ ತೋಟ · ಸೆಪ್ಟೆಂಬರ್ 19

ಮನೆ ಹಿಂದಿನ ಕೊನೆಯ ಸಾಲು, ದೂರವೇ. ಭರಣಿ ಕಳಿಸುತ್ತೇನೆ, ನೀವು ಲಿಂಬೆ ಕಳಿಸಿ, ಕಲೆ ಇದ್ದದ್ದೇ ಆಗಬಹುದು.

ಬೆಣ್ಣೆಹಣ್ಣು ಸೋಮವಾರಪೇಟೆ · ಸೆಪ್ಟೆಂಬರ್ 21

ಚರ್ಚೆ ಪೂರ್ತಿ ಓದಿದೆ, ತುಂಬಾ ಉಪಯೋಗವಾಯಿತು. ನಮ್ಮ ಬೆಣ್ಣೆಹಣ್ಣಿನ ಸಿಪ್ಪೆ ಮೇಲೂ ಕಂದು ಬೆಂಡಿನಂತೆ ಕಜ್ಜಿ. ಸ್ಟ್ರೆಪ್ಟೋಮೈಸಿನ್ ಪುಡಿ ಎಷ್ಟು ಗ್ರಾಂ ಹಾಕಲಿ?

ಎಲೆಚುಕ್ಕೆ · ಸೆಪ್ಟೆಂಬರ್ 21

ಪುಡಿ ಕಪಾಟಿನಲ್ಲಿಡಿ. ಎಲೆ ಮುಂದೆ ಹಿಂದೆ, ಹಣ್ಣು ಹೊರಗೆ ಒಳಗೆ, ಕೊಂಬೆ ಬುಡದವರೆಗೆ ಫೋಟೋ ಹಾಕಿ.